ಮದುವೆಗೆ ಹೋದ ಪಂಚೆ, ಬೀದಿಗೆ ಬಂದ ನೈಟಿ

ಹಳೇ ಮೈಸೂರು ಕಡೆಯ ಯಾವುದೇ ಮದುವೆ ಛತ್ರಕ್ಕೆ ಹೋಗಿ ನೋಡಿ. ಸಂಜೆಯ ಆರತಕ್ಷತೆಯಲ್ಲಿ ವರ ಸೂಟು, ಟೈ, ಬೂಟು ತೊಟ್ಟು ವೇದಿಕೆ ಮೇಲೆ ನಿಂತು ಬಂದವರ ಕೈಕುಲುಕುತ್ತಿರುತ್ತಾನೆ. ಬೆಳಗಿನ ಮುಹೂರ್ತಕ್ಕೆ ಅದೇ ಹುಡುಗ ರೇಷ್ಮೆ ಪಂಚೆ, ಶಲ್ಯ, ಪೇಟದಲ್ಲಿ ಹಸೆಮಣೆ ಮೇಲೆ ಕೂತಿರುತ್ತಾನೆ. ಸೂಟು ಹಾಕಿಕೊಂಡು ಧಾರೆಗೆ ಕೂರುವ ವರನೂ ಅಪರೂಪ, ಮೈಮೇಲೆ ಬರೀ ಶಲ್ಯ ಹೊದ್ದು ಆರತಕ್ಷತೆಗೆ ನಿಲ್ಲುವವನೂ ಅಪರೂಪ. ಇದು ಸಂಪ್ರದಾಯ, ಅದು ಆಧುನಿಕತೆ ಎಂದು ಹೇಳಿ ಮುಗಿಸುವುದು ನಮ್ಮ ರೂಢಿ. ಆ ವಿವರಣೆ ಸಾಲದು. ಮನುಷ್ಯರೆದುರು ಹೊಲಿದ ಬಟ್ಟೆ, ದೇವರೆದುರು ಹೊಲಿಯದ ಬಟ್ಟೆ ಎಂಬ ಈ ಏರ್ಪಾಡು ಇಂಗ್ಲಿಷರು ಕಾಲಿಡುವ ಮೊದಲೇ ಕನ್ನಡನಾಡಿನಲ್ಲಿತ್ತು.

ವಿಜಯನಗರದ ಅರಸರನ್ನೇ ತೆಗೆದುಕೊಳ್ಳಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡ ಇಮ್ಮಡಿ ದೇವರಾಯ ಸ್ಯಾಟಿನ್ ಅಂಗಿ ತೊಟ್ಟಿದ್ದ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ರಾಜನ ಮೇಲಂಗಿ, ಜರಿಯ ಟೋಪಿಗಳನ್ನು ವರ್ಣಿಸಿದ್ದಾನೆ. ಅಂದಿನ ಆಸ್ಥಾನದ ಉಡುಪೆಂದರೆ ಕಬಾಯಿ ಎಂಬ ಉದ್ದನೆಯ ಅಂಗಿ, ಕುಲ್ಲಾಯಿ ಎಂಬ ಎತ್ತರದ ಚೂಪು ಟೋಪಿ. ಎರಡೂ ಅರಬ್, ಪರ್ಷಿಯಾ ಕಡೆಯ ಆಸ್ಥಾನಗಳಿಂದ ಬಂದವು. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಸಾಲುಸಾಲಾಗಿ ಈ ಟೋಪಿಗಳು ಕಾಣುತ್ತವೆ. ಅದೇ ಕೃಷ್ಣದೇವರಾಯ ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಪ್ರತಿಮೆಯಲ್ಲಿ ಬರಿಮೈಯಲ್ಲಿದ್ದಾನೆ. ಕುಲ್ಲಾಯಿ ಮಾತ್ರ ತಲೆಯ ಮೇಲೇ ಇದೆ. ಇತಿಹಾಸಕಾರ ಫಿಲಿಪ್ ವಾಗನರ್ 1996ರ ಒಂದು ಪ್ರಬಂಧದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಹಿಂದೂ ಧರ್ಮದ ರಕ್ಷಕರೆಂದು ನಾವು ಪಾಠ ಓದಿದ ದೊರೆಗಳು ಸುಲ್ತಾನರ ಉಡುಪನ್ನು ಯಾರ ಬಲವಂತವೂ ಇಲ್ಲದೆ ತೊಟ್ಟರು. ಹೊರದೇಶದ ರಾಯಭಾರಿಗಳೆದುರು ಅದೇ ಮರ್ಯಾದೆಯ ಉಡುಪಾಗಿತ್ತು. ಇಂದಿನ ಮಂತ್ರಿಗಳು ವಿದೇಶಕ್ಕೆ ಹೊರಟಾಗ ಸೂಟು ಹೊಲಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಹೊಲಿದ ಬಟ್ಟೆ ಭಾರತಕ್ಕೆ ಬಂದದ್ದೇ ಮುಸ್ಲಿಮರೊಂದಿಗೆ ಎಂಬ ಮಾತನ್ನು ಈಗಲೂ ಭಾಷಣಗಳಲ್ಲಿ ಕೇಳುತ್ತೇವೆ. ಮಥುರೆಯ ವಸ್ತುಸಂಗ್ರಹಾಲಯದಲ್ಲಿರುವ ತಲೆಯಿಲ್ಲದ ಕನಿಷ್ಕನ ಮೂರ್ತಿ ಆ ಮಾತಿಗೆ ಉತ್ತರ: ಮೊಣಕಾಲಿನ ಕೆಳಗಿಳಿದ ಕೋಟು, ದಪ್ಪ ಬೂಟು. ಅದು ಇಸ್ಲಾಂ ಹುಟ್ಟುವುದಕ್ಕೆ ಶತಮಾನಗಳ ಹಿಂದಿನದು. ಬೇಲೂರಿನ ಮದನಿಕೆಯರನ್ನು ನೋಡಿ ಹೊಯ್ಸಳರ ಕಾಲದ ಹೆಂಗಸರು ರವಿಕೆ ತೊಡುತ್ತಿರಲಿಲ್ಲ ಎಂದು ತೀರ್ಮಾನಿಸುವುದು ಇನ್ನೊಂದು ತುದಿಯ ಅವಸರ. ಶಿಲ್ಪಿ ಕೆತ್ತಿದ್ದು ಒಡವೆಯನ್ನು, ಮೈಕಟ್ಟನ್ನು. ಹೊಲಕ್ಕೆ ಬುತ್ತಿ ಹೊತ್ತವಳನ್ನಲ್ಲ.

ಉಡುಪಿನ ಚರಿತ್ರೆಯಲ್ಲಿ ನನಗೆ ಕುತೂಹಲದ ಸಂಗತಿ ಯಾವ ಬಟ್ಟೆ ಎಲ್ಲಿ ಹುಟ್ಟಿತು ಎಂಬುದಕ್ಕಿಂತ, ಅದು ಹೇಗೆ ಜಾಗ ಬದಲಿಸುತ್ತದೆ ಎಂಬುದು. ನಿತ್ಯದ ಬಟ್ಟೆ ಹಬ್ಬಕ್ಕೆ ಏರುತ್ತದೆ, ಹಬ್ಬದ್ದು ನಿತ್ಯಕ್ಕೆ ಇಳಿಯುತ್ತದೆ, ಒಳಗಿನದು ಹೊರಬರುತ್ತದೆ. ಇಂದು ಸಂದರ್ಶನಕ್ಕೆ ಕಡ್ಡಾಯವೆನ್ನಿಸುವ ಸೂಟು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಆರಾಮಾಗಿ ಅಡ್ಡಾಡುವಾಗ ಹಾಕುವ ಸಡಿಲ ಉಡುಪು. ಆಗ ಮರ್ಯಾದಸ್ಥರು ಪೇಟೆಗೆ ಹೋಗಬೇಕಾದರೆ ಉದ್ದನೆಯ ಫ್ರಾಕ್ ಕೋಟು ಬೇಕಿತ್ತು. ಟೀ ಶರ್ಟು 1913ರ ಹೊತ್ತಿಗೆ ಅಮೆರಿಕದ ನೌಕಾಪಡೆಯವರ ಒಳ ಅಂಗಿ. ಜೀನ್ಸ್‌ಗೆ ತಾಮ್ರದ ರಿವೆಟ್ ಬಡಿಯುವ ಪೇಟೆಂಟನ್ನು ಲೆವಿ ಸ್ಟ್ರಾಸ್, ಜೇಕಬ್ ಡೇವಿಸ್ 1873ರಲ್ಲಿ ಪಡೆದದ್ದು ಕೂಲಿಯವರ ಪ್ಯಾಂಟಿಗಾಗಿ. ನಮ್ಮಲ್ಲಿ ಹಗಲು ಹೊತ್ತಿನ ಪೈಜಾಮ ಇಂಗ್ಲಿಷರ ಮಲಗುವ ಬಟ್ಟೆಯಾಯಿತು. ಅವರ ಮಲಗುವ ನೈಟ್‌ಗೌನು ನಮ್ಮಲ್ಲಿ ಹಗಲಿನ ಬಟ್ಟೆಯಾಯಿತು. ಲೆಕ್ಕ ಚುಕ್ತಾ.

ಪಂಚೆಯ ಕತೆ ಈ ಏರಿಳಿತಕ್ಕೆ ಒಳ್ಳೆಯ ನಿದರ್ಶನ. ಹಳೇ ಮೈಸೂರಿನ ಗುಮಾಸ್ತ, ಮೇಷ್ಟ್ರು, ವಕೀಲರು ಕಂಡುಕೊಂಡ ರಾಜಿಯೆಂದರೆ ಕೆಳಗೆ ಕಚ್ಚೆ ಪಂಚೆ, ಮೇಲೆ ಕೋಟು, ತಲೆಗೆ ಪೇಟ ಅಥವಾ ಟೋಪಿ. ಸೊಂಟದ ಕೆಳಗೆ ಮನೆ, ಮೇಲೆ ಸರ್ಕಾರ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಚಿತ್ರಗಳಲ್ಲಿ ಇದು ತಲೆಕೆಳಗು: ಉಡುಪು ಪೂರ್ತಿ ಇಂಗ್ಲಿಷರ ಸೂಟು, ಪೇಟ ಮಾತ್ರ ಮೈಸೂರಿನದು. ಉತ್ತರ ಕರ್ನಾಟಕದಲ್ಲಿ ಧೋತರ, ಬಿಳಿ ಅಂಗಿಯ ಜೊತೆ ರುಮಾಲು ಅಥವಾ ಗಾಂಧಿ ಟೋಪಿ. ಗಾಂಧಿ ಆ ಟೋಪಿ ಹಾಕಿದ್ದು ಕೆಲವೇ ವರ್ಷ. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಅಂಗಿ ಟೋಪಿಗಳನ್ನು ಬಿಟ್ಟು ತುಂಡು ಪಂಚೆಗೆ ಇಳಿದರು. ವಿಜಯಪುರ, ಬಾಗಲಕೋಟೆ ಸೀಮೆಯ ಮುದುಕರು ಆ ಟೋಪಿಯನ್ನು ಮುಂದಿನ ನೂರು ವರ್ಷ ಕಾಪಾಡಿದರು.

ಪಂಚೆ ನಿತ್ಯದಿಂದ ಜಾರಿದ್ದಕ್ಕೆ ಪಾಶ್ಚಾತ್ಯ ವ್ಯಾಮೋಹ ಕಾರಣವೆಂದು ದೂರುವವರು ಒಂದು ಸಲ ಬಿಳಿ ಹತ್ತಿಯ ಪಂಚೆಯನ್ನು ತಾವೇ ಒಗೆದು ನೋಡಬೇಕು. ಅದನ್ನು ನೆನೆಹಾಕಿ, ಕುಕ್ಕಿ, ನೀಲಿ ಹಾಕಿ, ಗಂಜಿ ಕೊಟ್ಟು, ಒಣಗಿಸಿ, ಇಸ್ತ್ರಿ ಹೊಡೆಯಬೇಕು. ಈ ಕೆಲಸವನ್ನು ಮಾಡುತ್ತಿದ್ದವರು ಮಡಿವಾಳರು, ಇಲ್ಲವೇ ಮನೆಯ ಹೆಂಗಸರು, ಉಟ್ಟವರಲ್ಲ. ಮಡಿವಾಳರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಹೆಂಗಸರು ಕೆಲಸಕ್ಕೆ ಹೊರಟರು. ಅದೇ ಹೊತ್ತಿಗೆ ಟೆರಿಲಿನ್ ಬಂತು. 1941ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ನೂಲು ನಮ್ಮೂರಿನ ಬಟ್ಟೆ ಅಂಗಡಿಗಳಿಗೆ ಟೆರಿಲಿನ್, ಟೆರಿಕಾಟ್ ಹೆಸರಿನಲ್ಲಿ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಳಿಯಿತು. ಸುಕ್ಕಿಲ್ಲ, ಗಂಜಿ ಬೇಡ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಬೇಸಿಗೆಯಲ್ಲಿ ಮೈ ಬೇಯುತ್ತದೆ ಎಂಬುದೊಂದೇ ಕೊರತೆ. ಎರಡು ಜೊತೆ ಪ್ಯಾಂಟಿನಲ್ಲಿ ವರ್ಷಗಳನ್ನೇ ಕಳೆಯಬಹುದಾದ ಬಡ ಗುಮಾಸ್ತನಿಗೆ ಅದು ವ್ಯಾಮೋಹವಲ್ಲ, ಉಳಿತಾಯ. ಕಚ್ಚೆ ಹಾಕಿ ಸೈಕಲ್ ತುಳಿಯಬಹುದು, ನಿಜ; ಆದರೆ ಎಂಟರ ಬಸ್ಸು ಹಿಡಿಯಬೇಕಾದವನಿಗೆ ನೆರಿಗೆ ಹಿಡಿಯುವ ಪುರುಸೊತ್ತಿಲ್ಲ.

ಹೀಗೆ ಕೆಳಗಿಳಿದ ಪಂಚೆ ಮೂಲೆ ಸೇರಲಿಲ್ಲ, ಮೇಲೇರಿತು. ರಾಜ್‌ಕುಮಾರ್ ಅವರ ಬಿಳಿ ಪಂಚೆ, ಬಿಳಿ ಶರ್ಟು ಒಂದು ಗೌರವದ ಗುರುತಾಯಿತು. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ದೆಹಲಿಗೆ ಪಂಚೆಯಲ್ಲೇ ಹೋದರು. ಸಿದ್ದರಾಮಯ್ಯನವರು ಪಂಚೆ, ಶಲ್ಯದಲ್ಲೇ ವಿಧಾನಸೌಧ ನಡೆಸಿದರು. ಈಗ ತಿರುಪ್ಪೂರು ಕಡೆಯ ಕಂಪನಿಗಳು ವೆಲ್ಕ್ರೊ ಅಂಟಿಸಿದ, ಜೇಬಿಟ್ಟ ಪಂಚೆಗಳನ್ನು ಮಾರುತ್ತಿವೆ. ಕಾಲೇಜು ಹುಡುಗರು 'ಎಥ್ನಿಕ್ ಡೇ' ದಿನ ಅದನ್ನೇ ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಪೇಟದ ಗತಿಯೂ ಇದೇ. ಒಂದು ಕಾಲಕ್ಕೆ ಕಚೇರಿಗೆ ಹೋಗಲು ಬೇಕಾಗಿದ್ದ ಮೈಸೂರು ಪೇಟ ಇಂದು ಹೊಲಿದು ಸಿದ್ಧವಾಗಿ ಬರುತ್ತದೆ, ಸನ್ಮಾನದ ವೇದಿಕೆಯಲ್ಲಿ ಐದು ನಿಮಿಷ ತಲೆ ಮೇಲೆ ಕೂತು ಮನೆಯ ಶೋಕೇಸು ಸೇರುತ್ತದೆ. ಕೊಡಗಿನ ಕುಪ್ಯ–ಚೇಲೆಯೂ ಹಾಗೆಯೇ: ಕುಪ್ಯವೆಂಬ ಕಪ್ಪು ಮೇಲಂಗಿ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಪೀಚೆಕತ್ತಿ. ಹಿಂದೆ ಗಂಡಸರು ತೊಟ್ಟು ಓಡಾಡುತ್ತಿದ್ದ ಉಡುಪು ಇಂದು ಮದುವೆ, ಪುತ್ತರಿಗಳಿಗೆ ಮೀಸಲು. ಮದುಮಗನಿಗೆ ಮಾತ್ರ ಬಿಳಿ ಕುಪ್ಯ.

ಬಟ್ಟೆಗೆ ಗೌರವ ಸಿಕ್ಕರೂ ಅದನ್ನು ಉಟ್ಟವನಿಗೆ ಸಿಗಬೇಕೆಂದಿಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಸಿನಿಮಾ ನೋಡಲು ಮಗನೊಂದಿಗೆ ಬಂದ ಹಾವೇರಿ ಕಡೆಯ ರೈತರನ್ನು, ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ವಿಧಾನಮಂಡಲದಲ್ಲಿ ಗದ್ದಲವಾಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದಕ್ಕೂ ಹತ್ತು ವರ್ಷ ಹಿಂದೆ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಟ್ಟಿರಲಿಲ್ಲ. ತಮಿಳುನಾಡು ಅದೇ ವರ್ಷ, 2014ರಲ್ಲಿ, ಅಂಥ ತಡೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಗಮನಿಸಬೇಕಾದ್ದು ಇದು: ಮಾಲಿನ ಬಾಗಿಲಿಗೆ ಸಿನಿಮಾ ನಟನೊಬ್ಬ ಜರಿಯಂಚಿನ ಪಂಚೆಯಲ್ಲಿ ಬಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಕಾವಲಿನವರು ಓದಿದ್ದು ಬಟ್ಟೆಯನ್ನಲ್ಲ, ಉಟ್ಟವರ ಜೇಬನ್ನು.

ಸೀರೆಯ ವಿಷಯಕ್ಕೆ ಬಂದರೆ, ನಾವು ಅನಾದಿ ಎಂದು ನಂಬಿರುವ ರೂಪ ವಯಸ್ಸಿನಲ್ಲಿ ಚಿಕ್ಕದು. ಒಳಲಂಗ, ಮೈಗೊಪ್ಪುವ ಬ್ಲೌಸು, ಮುಂದೆ ನೆರಿಗೆ, ಎಡ ಭುಜದ ಮೇಲೆ ಸೆರಗು: ಇದು ಹತ್ತೊಂಬತ್ತನೇ ಶತಮಾನದ ಕೊನೆಯರ್ಧದಲ್ಲಿ ಹರಡಿದ ಕ್ರಮ. ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬೈಯಲ್ಲಿದ್ದಾಗ ಪಾರ್ಸಿ ಹೆಂಗಸರನ್ನು ನೋಡಿ ರೂಢಿಸಿಕೊಂಡು ಬಂಗಾಳಕ್ಕೆ ಒಯ್ದ ಶೈಲಿ ಇದಕ್ಕೆ ಹತ್ತಿರದ ನೆಂಟ. ಜನಸಾಮಾನ್ಯರ ಗೋಡೆಗೆ ಇದನ್ನು ತಂದವರು ರವಿವರ್ಮ. 1894ರಲ್ಲಿ ಮುಂಬೈ ಹತ್ತಿರ ಅವರ ಅಚ್ಚುಕೂಟ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರು ಈ ಬಗೆಯ ಸೀರೆಯಲ್ಲೇ ಮನೆ ಮನೆ ಹೊಕ್ಕರು. ದೇವತೆಯೇ ಹೀಗೆ ಉಟ್ಟ ಮೇಲೆ ಸೊಸೆಯಂದಿರು ಉಡದೆ ಇರುತ್ತಾರೆಯೇ?

ಅದಕ್ಕೆ ಮೊದಲು ನಮ್ಮಲ್ಲಿದ್ದದ್ದು ಒಂದು ಸೀರೆಯಲ್ಲ, ಹತ್ತಾರು ಉಡುವಿಕೆ. ಬಯಲುಸೀಮೆಯ ಹೊಲಗಳಲ್ಲಿ ಕಳೆ ತೆಗೆಯುವವರು ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮುಂದೆ ಗಂಟು ಕಟ್ಟುವ ಕುಪ್ಪಸ ತೊಡುತ್ತಿದ್ದರು. ಕೊಡವತಿಯರ ನೆರಿಗೆ ಬೆನ್ನ ಹಿಂದೆ. ಅಗಸ್ತ್ಯರಿಂದ ಬಿಡಿಸಿಕೊಂಡು ಹರಿದ ಕಾವೇರಿಯ ರಭಸಕ್ಕೆ ಅದು ಹಿಂದೆ ಸರಿಯಿತೆಂದು ಅವರ ಐತಿಹ್ಯ. ಹಾಲಕ್ಕಿ ಹೆಂಗಸರು ರವಿಕೆಯಿಲ್ಲದೆ ಸೀರೆಯನ್ನು ಹೆಗಲಿಗೆ ಕಟ್ಟಿ ಕೊರಳ ತುಂಬ ಮಣಿಸರ ಹಾಕುತ್ತಾರೆ. 2021ರ ನವೆಂಬರಿನಲ್ಲಿ ಅಂಕೋಲೆಯ ತುಳಸಿ ಗೌಡ ಇದೇ ನಿತ್ಯದ ಉಡುಪಿನಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ದೇಶದ ಅತ್ಯಂತ ಔಪಚಾರಿಕ ಸಭಾಂಗಣದಲ್ಲಿ ಅಂದು ಬಟ್ಟೆ ಬದಲಿಸದೆ ಬಂದವರು ಅವರು. ದೇಶ ತಲೆಬಾಗಿತು ಎಂದು ಪತ್ರಿಕೆಗಳು ಬರೆದವು. ಹಾಲಕ್ಕಿಯ ಹೊಸ ತಲೆಮಾರು ಬ್ಲೌಸು, ಚೂಡಿದಾರಕ್ಕೆ ಬದಲಾಗಿ ಬಹಳ ಕಾಲವಾಯಿತು ಎಂಬುದೂ ನಿಜ.

ಇಳಕಲ್ ಸೀರೆ ಈ ಎಲ್ಲ ಬದಲಾವಣೆಗಳ ಏಟನ್ನು ಮೈಮೇಲೆ ತೆಗೆದುಕೊಂಡಿದೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅಲ್ಲಿಂದ ಮುಂದೆ ಕೆಂಪು ರೇಷ್ಮೆಯಲ್ಲಿ ಬಿಳಿಯ ಹಲ್ಲುಗಳಂತೆ ಟೋಪ ತೆನಿ ಮೂಡುತ್ತದೆ. ಗಟ್ಟಿ ಹತ್ತಿಯ ಒಡಲು ಹೊಲದ ಕೆಲಸಕ್ಕೆ, ರೇಷ್ಮೆ ಸೆರಗು ಜಾತ್ರೆಗೆ: ಒಂದೇ ಬಟ್ಟೆಯಲ್ಲಿ ನಿತ್ಯವೂ ವಿಶೇಷವೂ ಇದ್ದವು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಪವರ್‌ಲೂಮು ಮತ್ತು ಕೃತಕ ನೂಲು ಬಂದ ಮೇಲೆ ಕೂಲಿಯವರ ಮೈಮೇಲೆ ಸೂರತ್ತಿನ ಪಾಲಿಯೆಸ್ಟರ್ ಸೀರೆ ಬಂತು, ಕೈಮಗ್ಗದ ಇಳಕಲ್ ನಗರದ ಅಧ್ಯಾಪಕಿಯರು, ಸಾಹಿತ್ಯ ಸಮ್ಮೇಳನದ ಭಾಷಣಕಾರರು ಉಡುವ ವಸ್ತ್ರವಾಯಿತು. ಖಣ ಈಗ ಕುರ್ತಾ, ಕೈಚೀಲ, ಕಿವಿಯೋಲೆಯಾಗಿ ಆನ್‌ಲೈನಿನಲ್ಲಿ ಸಿಗುತ್ತದೆ. ಎರಡಕ್ಕೂ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಇದೆ. ಟ್ಯಾಗಿನಿಂದ ಹೆಸರು ಉಳಿಯುತ್ತದೆ, ಮಗ್ಗದ ಮುಂದೆ ಕೂರುವ ಮಗ ಉಳಿಯುತ್ತಾನೆಯೇ ಎಂಬುದು ಕೂಲಿಯ ದರದ ಪ್ರಶ್ನೆ. ಮೈಸೂರು ಸಿಲ್ಕ್‌ನ ಅದೃಷ್ಟ ಬೇರೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಸರ್ಕಾರದ್ದೇ ಆಗಿ ಉಳಿದು, ಇಂದಿಗೂ ಅಂಗಡಿ ತೆರೆಯುವ ಮುನ್ನವೇ ಸೀರೆಗೆ ಸಾಲು ನಿಲ್ಲುವ ದಿನಗಳಿವೆ. ಅದು ಎಂದೂ ನಿತ್ಯದ ಬಟ್ಟೆಯಾಗಿರಲಿಲ್ಲ, ಹಾಗಾಗಿ ನಿತ್ಯದ ಬದಲಾವಣೆಗಳು ಅದನ್ನು ಮುಟ್ಟಲಿಲ್ಲ.

ಹುಡುಗಿಯರ ಲಂಗ–ದಾವಣಿ, ಉತ್ತರದ ಕಡೆಯ ಪರಕಾರ–ಪೋಲಕಗಳನ್ನು ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪಂಜಾಬಿನ ಸಲ್ವಾರ್ ಕಮೀಜು ಬದಿಗೆ ಸರಿಸಿತು. ನಾವು ಎಲ್ಲ ಬಗೆಯನ್ನೂ 'ಚೂಡಿದಾರ್' ಎಂದೇ ಕರೆದೆವು. ಇದರ ಬಗ್ಗೆ ಆಗ ಮನೆಗಳಲ್ಲಿ ನಡೆದ ಜಗಳ ನೆನೆದರೆ ಈಗ ನಗು ಬರುತ್ತದೆ. ಇಂದು ಅದೇ ಚೂಡಿದಾರ್ ಸರ್ಕಾರಿ ಪ್ರೌಢಶಾಲೆಯ ಹುಡುಗಿಯರ ಸಮವಸ್ತ್ರ, ಅಂದರೆ ಶಿಸ್ತಿನ ಗುರುತು. ಸೈಕಲ್ಲು ಮತ್ತು ಸ್ಕೂಟಿ ಈ ಬದಲಾವಣೆಗೆ ಕೊಟ್ಟ ಬಲವನ್ನು ಯಾವ ಫ್ಯಾಷನ್ ಪತ್ರಿಕೆಯೂ ಕೊಡಲಿಲ್ಲ.

ಇನ್ನು ನೈಟಿ. ಕನ್ನಡದಲ್ಲಿ ಉಡುಪಿನ ಬಗ್ಗೆ ಬರೆದವರು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ. ಹಾಸ್ಯಕ್ಕೆ ಮಾತ್ರ ಬಳಸಿದ್ದೇವೆ. ಆದರೆ ಕಳೆದ ನಲವತ್ತು ವರ್ಷಗಳಲ್ಲಿ ಕನ್ನಡದ ಗೃಹಿಣಿಯ ಮೈಮೇಲೆ ಅತಿ ಹೆಚ್ಚು ಗಂಟೆ ಇದ್ದ ಬಟ್ಟೆ ಇದೇ ಇರಬೇಕು. ಒಲೆ ಮುಂದೆ ಸೆರಗು ಬೆಂಕಿಗೆ ತಗಲುವ ಭಯವಿಲ್ಲ, ನೆಲ ಒರೆಸುವಾಗ ನೆರಿಗೆ ಬಿಚ್ಚುವುದಿಲ್ಲ, ಬಾಣಂತಿಗೆ, ಮೈ ದಪ್ಪವಾದವರಿಗೆ, ಕಾಯಿಲೆಯವರಿಗೆ ಎಲ್ಲರಿಗೂ ಒಂದೇ ಅಳತೆ. ಕೆಲವಕ್ಕೆ ಜೇಬೂ ಉಂಟು. ಸೀರೆಗೂ ಬ್ಲೌಸಿಗೂ ಇಲ್ಲದ ಸೌಕರ್ಯ. ಹಾಲು ತರಲು ಅಂಗಡಿಗೆ ಹೋಗುವಾಗ ಹೆಗಲ ಮೇಲೊಂದು ವೇಲು ಇಲ್ಲವೇ ಟವೆಲ್ಲು ಹಾಕಿದರೆ ಮುಗಿಯಿತು, ಅದು ಹೊರಗಿನ ಉಡುಪು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯ ಹಿರಿಯರು ಹಗಲು ಹೊತ್ತಿನಲ್ಲಿ ನೈಟಿ ಹಾಕಿದರೆ 2,000 ರೂಪಾಯಿ ದಂಡ, ಹಾಕಿದವರನ್ನು ತೋರಿಸಿಕೊಟ್ಟರೆ 1,000 ರೂಪಾಯಿ ಬಹುಮಾನ ಎಂದು ಕಟ್ಟಳೆ ಮಾಡಿದ್ದರು. ಗಂಡಸು ಬರಿಮೈಯಲ್ಲಿ ಲುಂಗಿ ಮೇಲಕ್ಕೆ ಕಟ್ಟಿ ಕಟ್ಟೆ ಮೇಲೆ ಕೂತರೆ ದಂಡವಿಲ್ಲ.

ದಂಡ, ತಡೆ, ಕಟ್ಟಳೆಗಳ ಈ ಕತೆಗೆ ಉದ್ದದ ಬೇರಿದೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ 1859ರಲ್ಲಿ ರಾಜನ ಅಪ್ಪಣೆ ಪಡೆದರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ದಲಿತ ಹೆಂಗಸರಿಗೆ ನೇರವಾಗಿ ಹೇಳಿದ್ದು ಸೀರೆಯ ಬಗ್ಗೆ: ಜಾತಿ ತಿಳಿಯಲೆಂದೇ ಮೇಲೆತ್ತಿ ಉಡುವುದನ್ನು ಬಿಡಿ, ಮೇಲ್ಜಾತಿಯವರಂತೆ ಪಾದ ಮುಟ್ಟುವ ಹಾಗೆ ಉಡಿ ಎಂದು. ಕೇಳಿದ ಹೆಂಗಸರು ಕೂಡಲೇ ಹಾಗೆ ಉಟ್ಟರು. ಕನ್ನಡದ ಊರೂರಿನ ಅಂಬೇಡ್ಕರ್ ಪ್ರತಿಮೆಗಳ ನೀಲಿ ಸೂಟನ್ನು ಕಂಡು 'ವಿದೇಶಿ ಉಡುಪು' ಎಂದು ಮೂಗು ಮುರಿಯುವವರಿಗೆ ಈ ಚರಿತ್ರೆ ಗೊತ್ತಿಲ್ಲ. ಒಬ್ಬರಿಗೆ ಬಿಡಲು ಸಾಧ್ಯವಾದ ಬಟ್ಟೆ ಇನ್ನೊಬ್ಬರಿಗೆ ತೊಡಲು ಹಕ್ಕೇ ಇಲ್ಲದ್ದಾಗಿತ್ತು. 2022ರಲ್ಲಿ ಶಾಲಾ ಸಮವಸ್ತ್ರ ಮತ್ತು ಹಿಜಾಬ್ ವಿಷಯ ಕರ್ನಾಟಕದ ತರಗತಿಗಳಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸಮಾನತೆಗೆಂದು ತಂದ ಬಟ್ಟೆ ಹುಡುಗಿಯರನ್ನು ತರಗತಿಯಿಂದ ಹೊರಗಿಟ್ಟರೆ ಅದರ ಉದ್ದೇಶವೇ ಸೋತಂತೆ ಎಂಬುದು ನನ್ನ ಅಭಿಪ್ರಾಯ.

ಸಮವಸ್ತ್ರವೆಂದರೆ ಖಾಕಿಯನ್ನು ಬಿಡುವಂತಿಲ್ಲ. ಪೇಶಾವರದ ಗೈಡ್ಸ್ ಪಡೆಗೆ 1840ರ ದಶಕದಲ್ಲೇ ಮಣ್ಣುಬಣ್ಣದ ಬಟ್ಟೆ ಬಂದಿತ್ತು. ಬಣ್ಣ ಮಾಸದ ಖಾಕಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ರೂಪಿಸಿದರೆಂಬುದು ಕರಾವಳಿಯವರ ಹೆಮ್ಮೆ.

ಈಗಿನ ಬೆಂಗಳೂರು ಎರಡು ಬಗೆಯ ಬಟ್ಟೆ ಚರಿತ್ರೆಯನ್ನು ಒಟ್ಟಿಗೆ ಬರೆಯುತ್ತಿದೆ. ಐಟಿ ಕಂಪನಿಗಳಲ್ಲಿ ಟೈ ಸಡಿಲವಾಗುತ್ತ ಬಂದು, 2015ರಲ್ಲಿ ಇನ್ಫೊಸಿಸ್ ಕೂಡ ವಾರವಿಡೀ ಕ್ಯಾಶುವಲ್ ಉಡುಪಿಗೆ ಒಪ್ಪಿತು. ಇಂದು ಟೈ ಕಟ್ಟಿದವರು ಹೆಚ್ಚಾಗಿ ಹೋಟೆಲಿನ ಬಾಗಿಲಲ್ಲೋ, ವಿಮೆ ಮಾರಲು ಮನೆ ಬಾಗಿಲಲ್ಲೋ ಸಿಗುತ್ತಾರೆ; ಕಂಪನಿಯ ಒಡೆಯ ಟೀ ಶರ್ಟಿನಲ್ಲಿರುತ್ತಾನೆ. ಇತ್ತ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಂಗಸರು ಯುರೋಪು, ಅಮೆರಿಕದ ಅಂಗಡಿಗಳಿಗೆ ಶರ್ಟು ಹೊಲಿಯುತ್ತಾರೆ. ಒಬ್ಬಳು ಇಡೀ ಶರ್ಟು ಹೊಲಿಯುವುದಿಲ್ಲ. ಕಾಲರ್ ಒಬ್ಬಳದು, ತೋಳು ಇನ್ನೊಬ್ಬಳದು, ಗಂಟೆಗೆ ಇಷ್ಟು ಎಂಬ ಗುರಿ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿ ನಿಯಮದ ವಿರುದ್ಧ ಅವರು ಬೀದಿಗಿಳಿದು ಎರಡು ದಿನ ನಗರವನ್ನು ನಿಲ್ಲಿಸಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದೆ ತೆಗೆದುಕೊಂಡಿತು. ಬಳ್ಳಾರಿಯ ಗಲ್ಲಿಗಳಲ್ಲಿ ಹೊಲಿಗೆಯಾಗುವ ಜೀನ್ಸ್ ಹಳ್ಳಿಯ ಸಂತೆಗೂ ತಲುಪಿದೆ. ಜಗತ್ತಿನ ನಿತ್ಯದ ಬಟ್ಟೆ ಹೊಲಿಯುವ ನಾಡು ನಮ್ಮದು, ಆದರೆ ಉಡುಪಿನ ಬಗ್ಗೆ ಮಾತೆತ್ತಿದರೆ ನಾವು ಆಡುವುದು ರೇಷ್ಮೆ, ಜರಿಯ ಮಾತು.

ಖಾದಿಯೂ ನಿತ್ಯದಿಂದ ಮೇಲೇರಿ ಒಂಟಿಯಾಯಿತು. ಗಾಂಧಿ 1927ರಲ್ಲಿ ಬಂದಿದ್ದ ನಂಜನಗೂಡು ಬಳಿಯ ಬದನವಾಳಿನ ಖಾದಿ ಕೇಂದ್ರ ಪಾಳುಬಿದ್ದದ್ದನ್ನು ರಂಗಕರ್ಮಿ ಪ್ರಸನ್ನ ಸತ್ಯಾಗ್ರಹದ ಮೂಲಕ ನೆನಪಿಸಬೇಕಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವ ಹೆಂಗಸರಿಗೆ 2021ರ ಡಿಸೆಂಬರಿನ ಧ್ವಜಸಂಹಿತೆ ತಿದ್ದುಪಡಿ, ಯಂತ್ರದ ಪಾಲಿಯೆಸ್ಟರ್ ಬಾವುಟಗಳಿಗೆ ಒಪ್ಪಿಗೆ ಕೊಟ್ಟು, ಬಲವಾದ ಹೊಡೆತ ಕೊಟ್ಟಿತು. ಮೈಮೇಲಿಂದ ಕಂಬಕ್ಕೆ ಏರಿದ ಖಾದಿ ಅಲ್ಲಿಂದಲೂ ಇಳಿಯಬೇಕಾಗಿ ಬಂತು.

ಬಟ್ಟೆಯನ್ನು ಕಾಪಾಡುವ ಸಂಗ್ರಹಾಲಯಗಳು ನಮ್ಮಲ್ಲಿವೆ, ಸೀರೆಗಳಿಗೆ ಜಿಐ ಟ್ಯಾಗುಗಳೂ ಸಿಕ್ಕಿವೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹದಿನೆಂಟು ಮೊಳದ ಸೀರೆ ಅದನ್ನು ಹೇಗೆ ಉಡುತ್ತಿದ್ದರೆಂದು ಹೇಳುವುದಿಲ್ಲ. ಜವಳಿ ಸಂಶೋಧಕಿ ಋತಾ ಕಪೂರ್ ಚಿಶ್ತಿ ದೇಶದುದ್ದಕ್ಕೂ ಅಲೆದು ನೂರಕ್ಕೂ ಹೆಚ್ಚು ಉಡುವಿಕೆಗಳನ್ನು ದಾಖಲಿಸಿದ್ದಾರೆ. ಕನ್ನಡನಾಡಿನ ಒಂದೊಂದು ತಾಲ್ಲೂಕು, ಒಂದೊಂದು ಸಮುದಾಯದ ಮಟ್ಟಕ್ಕೆ ಆ ಕೆಲಸ ಇಳಿಯಬೇಕಾಗಿದೆ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಕಚ್ಚೆ ಹಾಕಿ ಉಡಬಲ್ಲ ಹಿರಿಯರಿದ್ದರೆ, ಅವರು ಒಪ್ಪಿದರೆ, ಉಡುವುದನ್ನು ಮೊದಲ ಸುತ್ತಿನಿಂದ ಕೊನೆಯ ಸಿಕ್ಕಿಸುವಿಕೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿಡಿ. ಗಂಟು ಯಾವ ಬದಿಗೆ, ನೆರಿಗೆ ಎಷ್ಟು, ಕಚ್ಚೆಯನ್ನು ಯಾವ ತುದಿಯಿಂದ ಎಳೆಯುತ್ತಾರೆ, ಬಸುರಿಯಾಗಿದ್ದಾಗ ಹೇಗೆ ಉಡುತ್ತಿದ್ದರು, ಗದ್ದೆಗೆ ಇಳಿಯುವಾಗ ಹೇಗೆ ಎತ್ತಿ ಕಟ್ಟುತ್ತಿದ್ದರು ಎಂದು ಕೇಳಿ. ಹತ್ತು ನಿಮಿಷದ ಕೆಲಸ, ಮುಂದೂಡಬೇಡಿ.